ಮನಸ್ಸಿದ್ದರಷ್ಟೇ ಸಾಲದು

ಅಮೆರಿಕದ ಕಪ್ಪು ಜನರಿಗೆ ಜೀವಂತ ದಾನಿಗಳಿಂದ ಕಿಡ್ನಿ ಸಿಗುವುದು ಕಡಿಮೆ ಎಂಬ ಮಾತು ಬಂದಾಗಲೆಲ್ಲ ಒಂದು ಉತ್ತರ ಸಿದ್ಧವಿರುತ್ತದೆ: ಇದು ಮನೆಮಂದಿಯ ಪ್ರೀತಿಯ ವಿಷಯ, ಇದರಲ್ಲಿ ಸರ್ಕಾರ ಏನು ಮಾಡಲಾದೀತು? 1995–99ರಲ್ಲಿ ಕಾಯುವ ಪಟ್ಟಿ ಸೇರಿದ ಬಿಳಿಯರಲ್ಲಿ ಶೇ. 7 ಮಂದಿಗೆ ಎರಡು ವರ್ಷದೊಳಗೆ ಜೀವಂತ ದಾನಿಯ ಕಿಡ್ನಿ ಕಸಿ ಆಗುತ್ತಿತ್ತು. 2010–14ರಲ್ಲಿ ಅದು ಶೇ. 11.4ಕ್ಕೆ ಏರಿತು. ಕಪ್ಪು ಜನರಲ್ಲಿ ಶೇ. 3.4 ಇದ್ದದ್ದು 2.9ಕ್ಕೆ ಇಳಿಯಿತು. ಪ್ರೀತಿಯೇ ಕಾರಣವಾದರೆ, ಇಷ್ಟು ವರ್ಷಗಳಲ್ಲಿ ಅದು ಒಂದು ಬಣ್ಣದವರ ಮನೆಯಲ್ಲಿ ಉಕ್ಕಿ ಇನ್ನೊಂದು ಬಣ್ಣದವರ ಮನೆಯಲ್ಲಿ ಬತ್ತಿತು ಎನ್ನಬೇಕಾಗುತ್ತದೆ. ಆದರೆ ಮೃತ ದಾನಿಗಳ ಕಿಡ್ನಿ ಹಂಚುವ ನಿಯಮವನ್ನು 2014ರ ಡಿಸೆಂಬರಿನಲ್ಲಿ ಬದಲಿಸಿ, ಡಯಾಲಿಸಿಸ್ ಶುರುವಾದ ದಿನದಿಂದಲೇ ಸರದಿ ಎಣಿಸತೊಡಗಿದ ಮೇಲೆ ಅಲ್ಲಿನ ಅಂತರ ಕುಗ್ಗಿತು. ನಿಯಮ ಕೈಹಾಕಿದ ಕಡೆ ಅನ್ಯಾಯ ತಗ್ಗಿತು, ಖಾಸಗಿ ವಿಷಯವೆಂದು ಬಿಟ್ಟ ಕಡೆ ಬೆಳೆಯಿತು.

ಗೌರವದಿಂದ ಕೇಳಬೇಕಾದ ಆಕ್ಷೇಪ ವೈದ್ಯರದು: ಕಪ್ಪು ದಾನಿಗಳಿಗೆ ಅಪಾಯ ಹೆಚ್ಚು. ಕಿಡ್ನಿ ಕೊಟ್ಟ ಹದಿನೈದು ವರ್ಷಗಳಲ್ಲಿ ಸ್ವತಃ ಕಿಡ್ನಿ ವೈಫಲ್ಯಕ್ಕೆ ತುತ್ತಾಗುವವರು ಬಿಳಿಯರಲ್ಲಿ ಹತ್ತು ಸಾವಿರಕ್ಕೆ ಸುಮಾರು 23, ಕಪ್ಪು ಜನರಲ್ಲಿ ಸುಮಾರು 75. ಆಫ್ರಿಕನ್ ಮೂಲದ ಕೆಲವರಲ್ಲಿರುವ ಎಪಿಒಎಲ್1 ಜೀನಿನ ರೂಪಾಂತರಗಳೂ ಕಿಡ್ನಿ ಕಾಯಿಲೆಯ ಅಪಾಯ ಹೆಚ್ಚಿಸುತ್ತವೆ. ಬಿಪಿ, ಸಕ್ಕರೆ ಕಾಯಿಲೆ ಇರುವ ತಮ್ಮನನ್ನೋ ಮಗಳನ್ನೋ ಬೇಡವೆಂದು ವಾಪಸು ಕಳಿಸುವ ವೈದ್ಯರನ್ನು ಪಕ್ಷಪಾತಿ ಎನ್ನಲಾಗದು. ಆದರೆ ಜೀನು ಇಪ್ಪತ್ತು ವರ್ಷಗಳಲ್ಲಿ ಬದಲಾಗುವುದಿಲ್ಲ, ಅಂತರ ಮಾತ್ರ ಹಿಗ್ಗಿದೆ. ಎಪಿಒಎಲ್1ರ ಹೊರೆ ಅಷ್ಟಾಗಿ ಇಲ್ಲದ ಹಿಸ್ಪಾನಿಕ್ ಜನರಲ್ಲೂ ಪ್ರಮಾಣ ಶೇ. 6.8ರಿಂದ 5.9ಕ್ಕೆ ಇಳಿದಿದೆ.

ಇನ್ನು ವಿಜ್ಞಾನದ ಹೆಸರಿನಲ್ಲೇ ನಡೆದ ಸಂಗತಿ ನೋಡಿ. ರಕ್ತದ ಕ್ರಿಯಾಟಿನಿನ್‌ನಿಂದ ಕಿಡ್ನಿಯ ಸಾಮರ್ಥ್ಯ ಅಂದಾಜು ಮಾಡುವ 2009ರ ಸೂತ್ರ, ರೋಗಿ ಕಪ್ಪು ವ್ಯಕ್ತಿಯಾಗಿದ್ದರೆ ಬಂದ ಸಂಖ್ಯೆಯನ್ನು 1.159ರಿಂದ ಗುಣಿಸುತ್ತಿತ್ತು. ಡಯಾಲಿಸಿಸ್‌ಗೆ ಮೊದಲೇ ಪಟ್ಟಿಯಲ್ಲಿ ಸರದಿ ಶುರುವಾಗಲು ಈ ಸಂಖ್ಯೆ 20 ಅಥವಾ ಅದಕ್ಕಿಂತ ಕೆಳಗಿರಬೇಕು. ವಯಸ್ಸು, ಲಿಂಗ, ರಕ್ತದ ಫಲಿತಾಂಶ ಎಲ್ಲ ಒಂದೇ ಆಗಿರುವ ಇಬ್ಬರಲ್ಲಿ ಬಿಳಿಯನಿಗೆ 18 ಬಂದರೆ ಅವನ ಸರದಿ ಆರಂಭ. ಕಪ್ಪು ಮನುಷ್ಯನ ರಿಪೋರ್ಟಿನಲ್ಲಿ ಸುಮಾರು 20.9, ಇನ್ನೂ ಕಾಯಬೇಕು! ಚರ್ಮದ ಬಣ್ಣಕ್ಕೆ ಗುಣಕ ಹಚ್ಚಿ ಅದನ್ನು ಗಣಿತವೆಂದು ಕರೆದರು. 2021ರಲ್ಲಿ ಬಣ್ಣ ನೋಡದ ಹೊಸ ಸೂತ್ರ ಬಂತು, 2022ರಲ್ಲಿ ಕಸಿಯ ಪಟ್ಟಿಗೆ ಹಳೆಯದು ನಿಷೇಧವಾಯಿತು, 2023ರಿಂದ ಕಳೆದುಹೋದ ಸರದಿಯನ್ನು ಮರಳಿ ಕೊಡಲಾಗುತ್ತಿದೆ. ಪಟ್ಟಿಗೆ ತಡವಾಗಿ ಬಂದವರಿಗೆ ಡಯಾಲಿಸಿಸ್ ಶುರುವಾಗುವ ಮೊದಲೇ ದಾನಿ ಹುಡುಕಿಕೊಳ್ಳಲು ಸಿಗುತ್ತಿದ್ದ ತಿಂಗಳುಗಳನ್ನು ಮಾತ್ರ ಯಾವ ಆದೇಶವೂ ಮರಳಿಸಲಾರದು.

ಆಸ್ಪತ್ರೆಗಳ ಬಗ್ಗೆ ಕಪ್ಪು ಜನರಲ್ಲಿ ಅಪನಂಬಿಕೆಯೂ ಇದೆ, 1932ರಿಂದ 1972ರವರೆಗೆ ಟಸ್ಕೆಗೀಯಲ್ಲಿ ಕಪ್ಪು ಸಿಫಿಲಿಸ್ ರೋಗಿಗಳನ್ನು ಚಿಕಿತ್ಸೆಯಿಲ್ಲದೆ ಬಿಟ್ಟು ನೋಡಿದ ದೇಶದಲ್ಲಿ ಅದು ಅಜ್ಞಾನವಲ್ಲ. ಅದನ್ನು ಕರಗಿಸಬಹುದು: ಬಾಸ್ಟನ್ನಿನಲ್ಲಿ ಆಸ್ಪತ್ರೆಯವರೇ ಕಪ್ಪು ರೋಗಿಗಳ ಮನೆಗೆ ಹೋಗಿ, ನೆಂಟರು ಸ್ನೇಹಿತರನ್ನೆಲ್ಲ ಕೂರಿಸಿಕೊಂಡು ಮಾತಾಡಿದಾಗ ಕಿಡ್ನಿ ಕೊಡಲು ವಿಚಾರಿಸುವವರೂ ತಪಾಸಣೆಗೆ ಬರುವವರೂ ಹೆಚ್ಚಿದರು. ಮಾತಿನಿಂದ ಕರಗದ್ದು ಸಂಬಳದ ಪ್ರಶ್ನೆ. ಆಪರೇಷನ್ನಿನ ಬಿಲ್ಲನ್ನು ಕಿಡ್ನಿ ಪಡೆಯುವವರ ವಿಮೆ ಕಟ್ಟುತ್ತದೆ. ದಾನಿ ಮನೆಯಲ್ಲಿ ಮಲಗುವ ನಾಲ್ಕಾರು ವಾರಗಳ ಕೂಲಿಯನ್ನಲ್ಲ. ಕೂಲಿ ಕೊಟ್ಟರೆ ಕಿಡ್ನಿ ವ್ಯಾಪಾರವಾದೀತು ಎನ್ನುವವರು ಅಂಗ ಮಾರಾಟವನ್ನು ನಿಷೇಧಿಸಿದ 1984ರ ಕಾಯ್ದೆಯನ್ನೇ ಓದಲಿ: ದಾನಿಯ ಪ್ರಯಾಣ, ವಸತಿ, ಕಳೆದುಕೊಂಡ ಸಂಬಳ ಭರಿಸುವುದು ಮಾರಾಟವಲ್ಲ ಎಂದು ಅಲ್ಲೇ ಬರೆದಿದೆ.