ಕಾಲೇಜು ಕಾಲ್ಚೆಂಡಾಟ: ಮೊದಲ ಮೆಟ್ಟಿಲು ತಾಲ್ಲೂಕಿನಲ್ಲಿರಲಿ

ಆಟದ ಬಯಲಿಗೂ ದೇಶದ ಏಳಿಗೆಗೂ ಏನು ಸಂಬಂಧವೆಂದು ಕೇಳುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರಿಗೆ 1911ನೆಯ ಇಸವಿಯ ಜುಲೈ 29ನೆಯ ದಿನವನ್ನು ಜ್ಞಾಪಿಸಿದರೆ ಸಾಕು. ಅಂದು ಕಲ್ಕತ್ತೆಯಲ್ಲಿ ಮೋಹನ್ ಬಗಾನ್ ತಂಡದ ಹನ್ನೊಂದು ಮಂದಿ, ಒಬ್ಬರ ಹೊರತು ಉಳಿದವರೆಲ್ಲರೂ ಬರಿಗಾಲಿನವರು, ಬೂಟು ತೊಟ್ಟ ಈಸ್ಟ್ ಯಾರ್ಕ್‌ಷೈರ್ ಪಲ್ಟಣದವರನ್ನು ಒಂದಕ್ಕೆ ಎರಡು ಗೋಲುಗಳಿಂದ ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದುಕೊಂಡರು. ಆಳುವವರನ್ನು ಅವರ ಆಟದಲ್ಲಿಯೇ ಮಣಿಸಬಹುದೆಂಬ ಧೈರ್ಯವನ್ನು ಆ ಒಂದು ಸಂಜೆ ದೇಶಕ್ಕೆ ಕೊಟ್ಟಿತು. ಆ ಆಟವನ್ನು ನಮ್ಮವರಲ್ಲಿ ಮೊದಲು ಹರಡಿದವರೂ ವಿದ್ಯಾರ್ಥಿಗಳೇ. 1877ರಲ್ಲಿ ಕಲ್ಕತ್ತೆಯ ಹೇರ್ ಶಾಲೆಯ ಬಾಲಕ ನಗೇಂದ್ರಪ್ರಸಾದ ಸರ್ವಾಧಿಕಾರಿ ಸಹಪಾಠಿಗಳನ್ನು ಕೂಡಿಸಿ ಚೆಂಡನ್ನು ಒದ್ದುದೇ ಭಾರತೀಯ ಕಾಲ್ಚೆಂಡಾಟದ ಪ್ರಾರಂಭವೆಂದು ಹೇಳುವ ವಾಡಿಕೆಯಿದೆ.

ವಿಶ್ವವಿದ್ಯಾನಿಲಯಗಳು ಈ ಆಟವನ್ನು ಕೈಗೆತ್ತಿಕೊಂಡುದು ಅನಂತರ. 1925ರಲ್ಲಿ ಸ್ಥಾಪಿತವಾದ ಅಂತರ ವಿಶ್ವವಿದ್ಯಾನಿಲಯ ಮಂಡಲಿಯು 1973ರಿಂದ ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘವೆಂದು ಹೆಸರಾಗಿದೆ. ಅದರ ಆಶ್ರಯದಲ್ಲಿ ನಡೆಯುವ ಪುರುಷರ ಕಾಲ್ಚೆಂಡಾಟದ ಪಾರಿತೋಷಕಕ್ಕೆ ಕಲ್ಕತ್ತೆಯ ಕುಲಪತಿಗಳಾಗಿದ್ದ ಸರ್ ಆಶುತೋಷ್ ಮುಖರ್ಜಿಯವರ ಹೆಸರನ್ನಿಟ್ಟಿರುವುದು ಅತ್ಯಂತ ಉಚಿತವಾಗಿದೆ. ವಿದ್ಯೆಯನ್ನು ರಾಷ್ಟ್ರೀಯವಾಗಿಸಲು ದುಡಿದ ಆ ಮಹನೀಯರ ಹೆಸರು ತರುಣರ ದೇಹಬಲಕ್ಕೂ ಸಲ್ಲುವುದು ಯೋಗ್ಯವೇ ಸರಿ.

ಈ ಪಂದ್ಯಾವಳಿಯ ಏರ್ಪಾಡು ಏಣಿಯಂತಿದೆ. ವಿಶ್ವವಿದ್ಯಾನಿಲಯವೊಂದರ ಕಾಲೇಜುಗಳು ಮೊದಲು ತಮ್ಮತಮ್ಮಲ್ಲಿ ಸೆಣಸುತ್ತವೆ. ಅಲ್ಲಿ ಕಣ್ಣಿಗೆ ಬಿದ್ದ ಆಟಗಾರರಿಂದ ವಿಶ್ವವಿದ್ಯಾನಿಲಯದ ತಂಡವು ಸಿದ್ಧವಾಗುತ್ತದೆ. ಆ ತಂಡವು ವಲಯಮಟ್ಟದಲ್ಲಿ ಆಡುತ್ತದೆ. ನಮ್ಮದು ದಕ್ಷಿಣ ವಲಯ. ವಲಯದಲ್ಲಿ ಸೋತವರು ಹೊರಬೀಳುತ್ತ ಹೋಗಿ, ಉಳಿದ ನಾಲ್ವರು ಲೀಗ್ ಕ್ರಮದಲ್ಲಿ ಆಡಿ, ಅಖಿಲ ಭಾರತ ಪಂದ್ಯಾವಳಿಗೆ ತೆರಳುತ್ತಾರೆ. ಈಚೆಗೆ ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡಾಕೂಟವೂ ಸೇರಿಕೊಂಡಿದೆ. 2020ರಲ್ಲಿ ಭುವನೇಶ್ವರದಲ್ಲಿ ಆರಂಭವಾದ ಆ ಕೂಟವು 2022ರಲ್ಲಿ ನಮ್ಮ ಬೆಂಗಳೂರಿನಲ್ಲಿ ಜರುಗಿತು. ಏಣಿಯ ಮೇಲುತುದಿ ಭದ್ರವಾಗಿದೆ. ನಮ್ಮ ಚಿಂತೆ ಅದರ ಬುಡದ ಮೆಟ್ಟಿಲಿನದು.

ಕಾಲೇಜು ಕಾಲೇಜುಗಳ ನಡುವಣ ಪಂದ್ಯವು ಸಾಮಾನ್ಯವಾಗಿ ಸೋತವರು ಮನೆಗೆ ಹೋಗುವ ನಾಕ್‌ಔಟ್ ಕ್ರಮದ್ದು. ಹದಿನಾರು ತಂಡಗಳು ಬಂದರೆ ಒಟ್ಟು ನಡೆಯುವುದು 15 ಆಟಗಳು. ಎಂಟು ತಂಡಗಳು ಒಂದೇ ಆಟವನ್ನಾಡಿ ಬಸ್ಸು ಹತ್ತುತ್ತವೆ. ಹಾಗೆ ಬಸ್ಸು ಹತ್ತುವವರು ಬಹುಮಟ್ಟಿಗೆ ಅಭ್ಯಾಸಕ್ಕೆ ಎದುರಾಳಿಯಿಲ್ಲದ, ಸಣ್ಣ ಊರಿನ ಕಾಲೇಜಿನವರು. ವರ್ಷವಿಡೀ ಕಾದು ಒಂದೂವರೆ ಗಂಟೆ ಆಡಿದ ಹುಡುಗನ ನಿಜವಾದ ಯೋಗ್ಯತೆಯನ್ನು ಆಯ್ಕೆದಾರರು ಹೇಗೆ ತಾನೆ ಅರಿತಾರು? ಒಂದು ತಪ್ಪು ಹೆಜ್ಜೆಗೆ ಒಂದು ವರ್ಷದ ಶಿಕ್ಷೆಯೆಂಬುದು ನ್ಯಾಯವಲ್ಲ.

ಈಗ ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ವಿಷಯ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದುವು. ನ್ಯಾಮತಿಯು ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದುದು ಈಚೆಗೆ. ಉನ್ನತ ವಿದ್ಯೆಯ ವಿಷಯದಲ್ಲಿ ಈ ಸೀಮೆಯು ಮೊದಲು ಮೈಸೂರನ್ನೂ, 1987ರಿಂದ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯವನ್ನೂ, 2009ರಿಂದ ದಾವಣಗೆರೆ ವಿಶ್ವವಿದ್ಯಾನಿಲಯವನ್ನೂ ನೋಡುತ್ತ ಬಂದಿದೆ. ವಿಶ್ವವಿದ್ಯಾನಿಲಯವು ನಮ್ಮ ಬಾಗಿಲಿಗೆ ಇಷ್ಟು ಹತ್ತಿರ ಬಂದ ಮೇಲೆ ಆಟವೂ ಹತ್ತಿರ ಬರಬೇಡವೆ?

ಅನ್ಯರ ಅನುಭವವನ್ನು ನೋಡೋಣ. ಅಮೆರಿಕದಲ್ಲಿ ಕಾಲೇಜು ಪುರುಷರ ರಾಷ್ಟ್ರೀಯ ಕಾಲ್ಚೆಂಡಾಟವು 1959ರಲ್ಲಿ ಎಂಟು ತಂಡಗಳಿಂದ ಮೊದಲಾಯಿತು. ಸೇಂಟ್ ಲೂಯಿಸ್ ವಿಶ್ವವಿದ್ಯಾನಿಲಯ ಗೆದ್ದಿತು. ಮುಂದೆ ಅದು 48 ತಂಡಗಳಿಗೆ ಬೆಳೆಯಿತು. ಅದೂ ನಾಕ್‌ಔಟ್ ಪಂದ್ಯವೇ. ಆದರೆ ಅದಕ್ಕೆ ಮುಂಚೆ ಪ್ರತಿಯೊಂದು ತಂಡವೂ ನೆರೆಹೊರೆಯ ಕಾಲೇಜುಗಳೊಡನೆ ಇಡೀ ಋತು ಆಡಿರುತ್ತದೆ. ಅಷ್ಟು ದೂರವೇಕೆ? ಆಶುತೋಷ್ ಪಾರಿತೋಷಕದ ವಿಜೇತರಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾನಿಲಯದ ಹೆಸರು ಮತ್ತೆ ಮತ್ತೆ ಬರುತ್ತದೆ. ಆ ಮಲಬಾರಿನಲ್ಲಿ ಕೊಯ್ಲಾದ ಗದ್ದೆಗಳಲ್ಲಿ ತಂಡಕ್ಕೆ ಏಳು ಮಂದಿಯಂತೆ ಊರೂರುಗಳು ಸೆಣಸುತ್ತವೆ. ಸಹಸ್ರಾರು ಜನ ನೆರೆಯುತ್ತಾರೆ. ಭತ್ತದ ಗದ್ದೆಗಳು ಹೊನ್ನಾಳಿಯಲ್ಲಿಲ್ಲವೆ? ಸೂಳೆಕೆರೆಯ ನೀರುಣ್ಣುವ ಚನ್ನಗಿರಿಯಲ್ಲಿಲ್ಲವೆ? ಮಳೆ ಕಡಮೆಯ ಜಗಳೂರಿಗೆ ಬಯಲಿನ ಬಡತನವಂತೂ ಇಲ್ಲ.

ಆದುದರಿಂದ ನಮ್ಮ ಸೂಚನೆ ಇಷ್ಟು. ಈ ನಾಲ್ಕು ತಾಲ್ಲೂಕು ಕೇಂದ್ರಗಳ ಕಾಲೇಜುಗಳು ಸೇರಿ ತಮ್ಮದೇ ಒಂದು ಲೀಗನ್ನು ನಡೆಸಲಿ. ಪ್ರತಿಯೊಂದು ಊರಿನ ತಂಡವೂ ಉಳಿದ ಮೂವರೊಡನೆ ತನ್ನೂರಿನಲ್ಲೊಮ್ಮೆ, ಅವರೂರಿನಲ್ಲೊಮ್ಮೆ ಆಡಿದರೆ ಒಟ್ಟು 12 ಆಟಗಳು; ತಂಡಕ್ಕೆ ಆರು. ಮೊದಲ ದಿನ ಸೋತವನಿಗೆ ಮುಂದಿನ ಶನಿವಾರ ತಿದ್ದಿಕೊಳ್ಳಲು ಅವಕಾಶವುಂಟು. ಹನ್ನೊಂದು ಮಂದಿ ಒದಗದಿದ್ದಲ್ಲಿ ಮೊದಲ ವರ್ಷ ಏಳರಿಂದಲೇ ಆರಂಭಿಸಬಹುದು. ಬೇಕಾದುದು ಒಂದೆರಡು ಚೆಂಡು, ಎರಡು ಗೋಲುಕಂಬ, ಬಸ್ಸಿನ ಖರ್ಚು, ಒಬ್ಬ ನಿಷ್ಪಕ್ಷಪಾತಿಯಾದ ತೀರ್ಪುಗಾರ. ದೈಹಿಕ ಶಿಕ್ಷಣ ನಿರ್ದೇಶಕರು ಮನಸ್ಸು ಮಾಡಿದರೆ, ಅಡಿಕೆ ಮಂಡಿಯ ವರ್ತಕರೂ ಹಳೆಯ ವಿದ್ಯಾರ್ಥಿಗಳೂ ಕೈಜೋಡಿಸಿದರೆ ಇದು ದೊಡ್ಡ ಭಾರವಲ್ಲ. ವಿಶ್ವವಿದ್ಯಾನಿಲಯದ ಆಯ್ಕೆದಾರರು ಇಂತಹ ಲೀಗಿನ ಆಟವನ್ನೂ ಗಣನೆಗೆ ತೆಗೆದುಕೊಳ್ಳುವಂತಾದರೆ ಏಣಿಗೆ ಇಲ್ಲದ ಮೆಟ್ಟಿಲು ದೊರೆತಂತಾಗುವುದು.

ಸೆಮಿಸ್ಟರ್ ಪರೀಕ್ಷೆಗಳ ನಡುವೆ ಆಟಕ್ಕೆ ಬಿಡುವೆಲ್ಲಿಯೆಂದು ಕೆಲವರು ಆಕ್ಷೇಪಿಸಬಹುದು. ತಂಡಕ್ಕೆ ಆರು ಶನಿವಾರಗಳಿಂದ ಯಾರ ವಿದ್ಯೆಯೂ ಕೆಡದು. ಹೊತ್ತು ಕಳೆಯಲು ಬಯಲಿಲ್ಲದ ಹುಡುಗನು ಹೋಗುವ ಜಾಗಗಳಿಂದ ಕೆಡುವುದೇ ಹೆಚ್ಚು. ಕಬಡ್ಡಿ, ಕುಸ್ತಿಗಳಿರುವಾಗ ಪರದೇಶದ ಆಟವೇಕೆಂಬುದು ಮತ್ತೊಂದು ಮಾತು. ಅವೂ ಇರಲಿ, ಬೆಳೆಯಲಿ. ಆದರೆ 1911ರ ಆ ಸಂಜೆಯಿಂದ ಕಾಲ್ಚೆಂಡು ಪರದೇಶದ್ದಾಗಿ ಉಳಿದಿಲ್ಲ.

ಸ್ವತಂತ್ರ ಭಾರತವು 1948ರಲ್ಲಿ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸನ್ನು ಎದುರಿಸಿದಾಗ ನಮ್ಮ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ರಾಮನ್. ಮೈಸೂರು ತಂಡವು 1946-47ರಲ್ಲಿಯೇ ಸಂತೋಷ್ ಟ್ರೋಫಿಯನ್ನು ಗೆದ್ದಿತ್ತು. 1968-69ರಲ್ಲಿ ಗೆದ್ದ ಮೇಲೆ ಮಾತ್ರ ಮುಂದಿನ ಜಯಕ್ಕೆ ನಾಡು 2023ರ ಮಾರ್ಚಿಯವರೆಗೆ, ಐವತ್ತನಾಲ್ಕು ವರ್ಷ, ಕಾಯಬೇಕಾಯಿತು. ರಾಜಧಾನಿಯೊಂದನ್ನೇ ನೆಚ್ಚಿ ಕುಳಿತ ನಾಡಿಗೆ ಇಂತಹ ಕಾಯುವಿಕೆ ತಪ್ಪದೆಂಬುದು ನಮ್ಮ ದೃಢವಾದ ಅಭಿಪ್ರಾಯ. ಮುಂದಿನ ಜಯಕ್ಕೆ ಜಗಳೂರಿನ ಹುಡುಗನೊಬ್ಬನ ಕಾಲೂ ಒದಗಲಿ. ಕಾಲೇಜುಗಳ ಪ್ರಾಂಶುಪಾಲರು ಈ ವರ್ಷವೇ ಒಂದೆಡೆ ಕುಳಿತು ಆಲೋಚಿಸಿ ಕಾರ್ಯಪ್ರವೃತ್ತರಾಗುವರೆಂದು ನಂಬುತ್ತೇವೆ.