ಸಗಣಿ ಸಾಲದೆ ಬಂದಾಗ

ಮಾರತ್ತಹಳ್ಳಿಯ ಬಹುಮಹಡಿ ಮನೆಗಳಲ್ಲಿ ಅಡುಗೆಯ ಅನಿಲವೆಂದರೆ ಸಿಲಿಂಡರು, ಇಲ್ಲವೇ ಗೋಡೆಯ ಕೊಳವೆ. ಆ ನೆಲವೆಲ್ಲ ಹೊಲವಾಗಿದ್ದ ಕಾಲದಲ್ಲಿ ಸಗಣಿಯೂ ಕಸಕಡ್ಡಿಯೂ ಹಿತ್ತಿಲ ತಿಪ್ಪೆಯಲ್ಲಿ ಒಟ್ಟಿಗೆ ಕೊಳೆಯುತ್ತಿದ್ದವು. ಅವೇ ವಸ್ತುಗಳು ಗಾಳಿಯಾಡದ ತೊಟ್ಟಿಯಲ್ಲಿ ಕೊಳೆತರೆ ಮೀಥೇನು ಬೆರೆತ, ಉರಿಯುವ ಅನಿಲ ಹುಟ್ಟುತ್ತದೆ. ಇದನ್ನೇ ಜನ ಗೋಬರ್ ಗ್ಯಾಸ್ ಎನ್ನುವುದು. ಸಗಣಿಯಿದ್ದರೆ ಸಾಕು, ಒಲೆ ಉರಿದಂತೆಯೇ ಎಂದು ಹಲವರು ಭಾವಿಸುತ್ತಾರೆ. ಒಮ್ಮೆ ಲೆಕ್ಕ ಹಾಕಿ ನೋಡೋಣ.

ದನವೊಂದು ದಿನಕ್ಕೆ ಸುಮಾರು 10 ಕಿಲೋ ಸಗಣಿ ಹಾಕುತ್ತದೆ. ಕಿಲೋ ಒಂದಕ್ಕೆ ಸುಮಾರು 40 ಲೀಟರು ಅನಿಲ. ಐದಾರು ಜನರ ಸಂಸಾರದ ಅಡುಗೆಗೆ ದಿನಕ್ಕೆ ಸುಮಾರು 2,000 ಲೀಟರು ಬೇಕು. ಅಂದರೆ ಮನೆಗೆ ಐದು ದನಗಳಿರಬೇಕು! ಅಷ್ಟು ದನ ಕಟ್ಟಿದ ಮನೆಗಳು ಹಳ್ಳಿಯಲ್ಲಿಯೂ ಎಷ್ಟಿವೆ?

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮ ಈ ಪಾಠವನ್ನು ಕಣ್ಣಾರೆ ಕಂಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರದವರು ಅಲ್ಲಿ ಊರಿಗೆಲ್ಲ ಒಂದೇ ಅನಿಲಸ್ಥಾವರವನ್ನು ನಿರ್ಮಿಸಿದರು. ಮೊದಲ ಗುರಿ ಅಡುಗೆ. ಆದರೆ ಊರಿನ ಸಗಣಿಯೆಲ್ಲ ಸೇರಿದರೂ ಎಲ್ಲರ ಅಡುಗೆಗೆ ಸಾಲಲಿಲ್ಲ. ಜನರ ಉತ್ಸಾಹವೂ ಇಳಿಯಿತು. ಊರಿಗೆ ಬೇಕಾಗಿದ್ದುದು ಕುಡಿಯುವ ನೀರು. 1987ರಿಂದ ಅದೇ ಅನಿಲ ಡೀಸೆಲ್ ಎಂಜಿನ್ನಿಗೆ ಇಂಧನವಾಗಿ, ವಿದ್ಯುತ್ತನ್ನು ಉತ್ಪಾದಿಸಿ, ಕೊಳವೆಬಾವಿಯಿಂದ ನೀರೆತ್ತಿತು. ಮನೆಗಳಿಗೆ ಬೆಳಕನ್ನೂ ಕೊಟ್ಟಿತು. ಸಗಣಿ ತಂದವರಿಗೆ ಅಲ್ಪ ಹಣ ದೊರೆಯುತ್ತಿತ್ತು. ಅನಿಲ ಬಿಟ್ಟುಳಿದ ಬಗ್ಗಡವು ಗೊಬ್ಬರವಾಗಿ ಅವರಿಗೇ ಮರಳುತ್ತಿತ್ತು. ಒಲೆಗೆ ಸಾಲದ ಸಗಣಿ ನೀರಿಗೂ ದೀಪಕ್ಕೂ ಸಾಕಾಯಿತು!

ಸಾಲದ ಸಗಣಿಗೆ ಬೆಳೆಯ ಉಳಿಕೆಯನ್ನು ಬೆರೆಸಬಾರದೇ? ಬೆರೆಸಬಹುದು, ವಿವೇಕವಿರಬೇಕು. ರಾಗಿಯ ಹುಲ್ಲು ದನದ ಮೇವು. ದನದ ಬಾಯಿಂದ ಕಸಿದು ತೊಟ್ಟಿಗೆ ಹಾಕುವುದು ಸಲ್ಲದು. ದನ ತಿನ್ನದೆ ಬಿಟ್ಟ ಕಡ್ಡಿ, ಎಲೆ, ಕಳೆಗಳು ಆಗಬಹುದು. ಅವನ್ನು ಸಣ್ಣಗೆ ಕೊಚ್ಚಿ ನೆನೆಯಿಸದಿದ್ದರೆ ತೇಲಿ, ಮೇಲೆ ಗಟ್ಟಿಯಾದ ಕೆನೆ ಕಟ್ಟಿ, ಅನಿಲದ ದಾರಿಯನ್ನು ಮುಚ್ಚುತ್ತವೆ. ಹುಲ್ಲಿನಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಸಾರಜನಕ ಒಂದು ಪಾಲಿದ್ದರೆ ಇಂಗಾಲ ಇಪ್ಪತ್ತರಿಂದ ಮೂವತ್ತು ಪಾಲು ಇರುವಂತೆ ಮಿಶ್ರಣ ಮಾಡುವುದು ಒಳ್ಳೆಯದು. ಅಸ್ತ್ರದ ವಿಜ್ಞಾನಿಗಳು ಮುಂದೆ ಎಲೆ-ಕಳೆಗಳಿಗೆಂದೇ ಬೇರೆ ಬಗೆಯ ತೊಟ್ಟಿಗಳನ್ನು ರೂಪಿಸಿದುದೂ ಇಂತಹ ತೊಡಕುಗಳಿಗಾಗಿಯೇ.

ನಗರದ ಗೃಹಿಣಿಗೆ ಇದರಿಂದೇನು? ಹುಲ್ಲು ಅವಳಲ್ಲಿಲ್ಲ, ತರಕಾರಿಯ ಸಿಪ್ಪೆ, ಮಿಕ್ಕ ಅನ್ನ ಪ್ರತಿದಿನವೂ ಉಂಟು. ಇವುಗಳಿಂದ ಅನಿಲ ಸಗಣಿಗಿಂತಲೂ ಹೆಚ್ಚಾಗಿ ಬರುತ್ತದೆ. ಆದರೆ ಒಮ್ಮೆಲೇ ತುಂಬಿದರೆ ತೊಟ್ಟಿ ಹುಳಿಯಾಗಿ, ಅನಿಲ ಹುಟ್ಟಿಸುವ ಸೂಕ್ಷ್ಮಜೀವಿಗಳು ಸೊರಗುತ್ತವೆ. ಹಾಲಿಗೆ ಹೆಪ್ಪು ಹೇಗೋ ಈ ತೊಟ್ಟಿಗೆ ಸಗಣಿ ಹಾಗೆ: ಮೊದಲು ಸಗಣಿ, ಆಮೇಲೆ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಸಿಪ್ಪೆ.

ತಮ್ಮ ವಠಾರದಲ್ಲಿ ಇಂತಹ ತೊಟ್ಟಿ ಕಟ್ಟಿಸಹೊರಟವರು ಮೇಸ್ತ್ರಿಯನ್ನು ಕರೆಯುವ ಮುನ್ನ ಒಂದು ವಾರ ಕಸವನ್ನು ತೂಗಿ ನೋಡಲಿ. ಎಷ್ಟು ಅನಿಲ ಬಂದೀತು, ಅದು ಯಾವ ಕೆಲಸಕ್ಕೆ ಸಾಕಾದೀತು, ನಿತ್ಯವೂ ತೊಟ್ಟಿಗೆ ಉಣಿಸುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆ ಇಟ್ಟಿಗೆ ತರಿಸಿದರಾಯಿತು.