ಎರಡು ಮನೆ ಇದ್ದವನೆಲ್ಲಾ ಸಾಹುಕಾರನೇ?

ಕರ್ನಾಟಕ ಸರ್ಕಾರ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವನ್ನು ಶೇ. 1ರಿಂದ ಶೇ. 2ಕ್ಕೆ ಏರಿಸಿದ ಮೇಲೆ ನಮ್ಮ ಮಡಕಶಿರಾ, ಹಿಂದೂಪುರ ಸೀಮೆಯಲ್ಲಿ ಮನೆ ಕೊಳ್ಳುವ ಮಾತು ಬಂದಾಗಲೆಲ್ಲಾ ಲೆಕ್ಕದ ಮಾತೂ ಬರುತ್ತದೆ. ಆಂಧ್ರದವರಿಗೆ ಕರ್ನಾಟಕದ ಶುಲ್ಕದ ಚಿಂತೆ ಯಾಕೆ ಅಂತ ದೂರದವರು ಕೇಳಬಹುದು. ಗಡಿಯಲ್ಲಿರುವವರು ಕೇಳಲ್ಲ. ನಮ್ಮ ಜಮೀನು ಆಂಧ್ರದ ಅಡಂಗಲಿನಲ್ಲಿ, ಮಕ್ಕಳ ಓದು, ನೌಕರಿ ತುಮಕೂರಲ್ಲೋ ಬೆಂಗಳೂರಲ್ಲೋ. ಊರ ಮನೆಗೆ ಬೀಗ ಹಾಕೋಕಾಗಲ್ಲ; ದನಕರು, ಹಿಪ್ಪುನೇರಳೆ ತೋಟ, ವಯಸ್ಸಾದವರು ಎಲ್ಲಾ ಅಲ್ಲೇ. ಪೇಟೆಯಲ್ಲಿ ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿ, ಅಲ್ಲೊಂದು ಸಣ್ಣ ಮನೆ ಕೊಳ್ಳೋಣ ಅನ್ನಿಸುತ್ತದೆ. ಆ ಗಳಿಗೆಯಿಂದ ನಾವು ‘ಎರಡು ಮನೆಯವರು’.

ಈಗಿನ ಲೆಕ್ಕ ನೋಡಿ. ಕರ್ನಾಟಕದ ಪೇಟೆಯಲ್ಲಿ 50 ಲಕ್ಷದ ಮನೆಗೆ ಸ್ಟಾಂಪು ಶೇ. 5, ಅಂದರೆ ಎರಡೂವರೆ ಲಕ್ಷ. ಆ ಸ್ಟಾಂಪಿನ ಮೇಲೆ ಶೇ. 10 ಸೆಸ್ಸು, ಶೇ. 2 ಸರ್‌ಚಾರ್ಜು ಸೇರಿ 30 ಸಾವಿರ. ನೋಂದಣಿಗೆ 1 ಲಕ್ಷ. ಒಟ್ಟು 3,80,000 ರೂಪಾಯಿ. ಅದೇ ಬೆಲೆಯ ಮನೆ ಹಿಂದೂಪುರದಲ್ಲಿ ಕೊಂಡರೆ ಸ್ಟಾಂಪು 5, ಟ್ರಾನ್ಸ್‌ಫರ್ ಡ್ಯೂಟಿ ಒಂದೂವರೆ, ರಿಜಿಸ್ಟ್ರೇಷನ್ 1, ಒಟ್ಟು 3,75,000. ಗಡಿ ದಾಟಿದ್ದಕ್ಕೆ ಐದು ಸಾವಿರ, ಅದೇನೂ ದೊಡ್ಡದಲ್ಲ. ದೊಡ್ಡ ವಿಷಯ ಬೇರೆ. ಇದು ನಿನ್ನ ಮೊದಲ ಮನೆಯೋ ಹತ್ತನೆಯದೋ ಅಂತ ಎರಡೂ ಕಡೆಯ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಯಾರೂ ಕೇಳಲ್ಲ. ಜೀವಮಾನವೆಲ್ಲಾ ಬಾಡಿಗೆ ಮನೆಯಲ್ಲಿದ್ದು ಕೊನೆಗೊಂದು ಸೂರು ಮಾಡಿಕೊಂಡ ಮೇಷ್ಟ್ರಿಗೂ, ಹತ್ತು ಫ್ಲಾಟು ಕೊಂಡು ಬೀಗ ಜಡಿದವನಿಗೂ ಒಂದೇ ದರ. ಹೊಸ ಅಪಾರ್ಟ್‌ಮೆಂಟಿನ ಮೊದಲ ಮಾರಾಟದಲ್ಲಿ 45 ಲಕ್ಷದೊಳಗಿನ ಫ್ಲಾಟಿಗೆ ಕರ್ನಾಟಕ ಕೊಟ್ಟ ರಿಯಾಯ್ತಿ ಕೂಡ ಬೆಲೆ ನೋಡಿತು, ಕೊಳ್ಳುವವನನ್ನು ನೋಡಲಿಲ್ಲ.

ಗೂಡಿನ ಮಾರ್ಕೆಟ್ಟಿನಲ್ಲಿ ಸಿಗುವ ವ್ಯಾಪಾರಿ ಮಿತ್ರರೊಬ್ಬರ ಮಗ ಇಂಗ್ಲೆಂಡಿನಲ್ಲಿದ್ದಾನೆ. “ಅಣ್ಣಾ, ಅಲ್ಲಿ ಎರಡನೇ ಮನೆ ಅಂದರೆ ತೆರಿಗೆ ಬೇರೆ. ನಮ್ಮಲ್ಲೂ ಹಾಗೇ ಹಾಕಬೇಕು” ಅಂತಾರೆ ಅವರು. ಅವರ ಮಾತಿನಲ್ಲಿ ಅರ್ಧ ಸರಿ ಇದೆ. ಅಲ್ಲಿ 2016ರ ಏಪ್ರಿಲ್‌ನಲ್ಲಿ ಶೇ. 3 ಹೆಚ್ಚುವರಿ ತೆರಿಗೆ ಶುರುವಾಯಿತು, 2024ರ ಅಕ್ಟೋಬರ್ 31ರಿಂದ ಅದು ಶೇ. 5. 2025ರ ಏಪ್ರಿಲ್‌ನಲ್ಲಿ ಬಂದ ದರದಂತೆ ಮೂರು ಲಕ್ಷ ಪೌಂಡಿನ ಮನೆಗೆ, ಜನ್ಮದಲ್ಲಿ ಮೊದಲ ಸಲ ಕೊಳ್ಳುವವನಿಗೆ ಏನೂ ಇಲ್ಲ. ಹಳೇದು ಮಾರಿ ಹೊಸದು ಕೊಳ್ಳುವವನಿಗೆ 5,000 ಪೌಂಡು. ಹಳೇದನ್ನೂ ಇಟ್ಟುಕೊಳ್ಳುವವನಿಗೆ 20,000. ಸಿಂಗಪುರದವರು ಇನ್ನೂ ಖಡಕ್ಕು: 2023ರ ಏಪ್ರಿಲ್ 27ರಿಂದ ಅಲ್ಲಿನ ಪ್ರಜೆಗೇ ಎರಡನೇ ಮನೆಗೆ ಶೇ. 20, ಮೂರನೆಯದಕ್ಕೆ ಶೇ. 30 ಹೆಚ್ಚುವರಿ.

ಇಂಗ್ಲೆಂಡಿನ ಕಾನೂನಿನಲ್ಲಿ ಇನ್ನೊಂದು ಸಂಗತಿ ಇದೆ, ಮಿತ್ರರಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಾದರು. ಇನ್ನೊಂದು ಮನೆ ಅಂದರೆ ಆ ದೇಶದ್ದೇ ಆಗಬೇಕಿಲ್ಲ, ಜಗತ್ತಿನ ಎಲ್ಲಿದ್ದರೂ ಲೆಕ್ಕಕ್ಕೆ ಬರುತ್ತದೆ. 40,000 ಪೌಂಡಿಗಿಂತ ಕಡಿಮೆ ಬೆಲೆಯ ಪಾಲನ್ನು ಮಾತ್ರ ಬಿಡುತ್ತಾರೆ. ನಮ್ಮ ಹಳ್ಳಿ ಮನೆಯ ಪಾಲು ಅಷ್ಟು ಬಾಳಲ್ಲ, ಬಚಾವು. ಆದರೆ ಅಪ್ಪ ಮಗನ ಹೆಸರಿಗೆ ಬೆಂಗಳೂರಲ್ಲೊಂದು ಮನೆ ಮಾಡಿಟ್ಟಿದ್ದರೆ, ಆ ಮಗ ಅಲ್ಲಿ ಮೊದಲ ಮನೆ ಕೊಳ್ಳುವಾಗಲೂ ‘ಎರಡು ಮನೆಯವನೇ’.

ನಮ್ಮಲ್ಲಿ ಇಂಥದ್ದು ತಂದರೆ ಮನೆ ಎಣಿಸುವವರು ಯಾರು, ಹೇಗೆ? ನನ್ನ ಅನುಮಾನ ಇಲ್ಲಿದೆ. ಕರ್ನಾಟಕದ ಕಾವೇರಿ ತಂತ್ರಾಂಶದಲ್ಲಿ ಮಡಕಶಿರಾದ ಮನೆ ಇರಲ್ಲ; ಆಂಧ್ರದ ದಫ್ತರಿನಲ್ಲಿ ಶಿರಾದ್ದು ಇರಲ್ಲ. ಹಳ್ಳಿಯ ಮನೆಗಳಂತೂ ಗ್ರಾಮಕಂಠದಲ್ಲಿ (ನೀವು ಗ್ರಾಮಠಾಣ ಅನ್ನೋದು) ತಲೆತಲಾಂತರದಿಂದ ಕ್ರಯಪತ್ರವಿಲ್ಲದೆ ನಿಂತಿವೆ. 2020ರಲ್ಲಿ ಶುರುವಾದ ಕೇಂದ್ರದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಅಳೆದದ್ದು ಇಂಥವನ್ನೇ. ಕಾಗದ ಮಾಡಿಸಿಕೊಂಡವನು ಸಿಕ್ಕಿಬೀಳುತ್ತಾನೆ, ಮಾಡಿಸದವನು ಪಾರಾಗುತ್ತಾನೆ. ಅಫಿಡವಿಟ್ ಬರೆಸಿಕೊಂಡರೆ ಸಾಕು ಅನ್ನುವವರಿಗೆ ದಸ್ತಾವೇಜು ಬರೆಯುವವರ ಚಾತುರ್ಯ ಗೊತ್ತಿಲ್ಲ. ತೆಲುಗಿನಲ್ಲಿ ಇಲ್ಲು ಅಂದರೆ ಮನೆ, ಕನ್ನಡದಲ್ಲಿ ಇಲ್ಲ ಅಂದರೆ ಇಲ್ಲ. ಎರಡೂ ಭಾಷೆ ಬಲ್ಲ ನಮ್ಮ ಜನ ಒಂದೇ ಮಾತಲ್ಲಿ ಎರಡನ್ನೂ ಹೇಳಿ ಬಂದಾರು!

ಆದಾಯ ತೆರಿಗೆಯವರು ಮಾತ್ರ ಆಗಲೇ ಎಣಿಸುತ್ತಿದ್ದಾರೆ. ಪೇಟೆಯ ಸೈಟು ಮಾರಿದ ಹಣದಲ್ಲಿ ಮನೆ ಕೊಂಡರೆ ಲಾಭದ ಮೇಲೆ ವಿನಾಯ್ತಿ ಉಂಟು. ಮಾರಿದ ದಿನ ನಿಮ್ಮ ಹೆಸರಲ್ಲಿ ಒಂದಕ್ಕಿಂತ ಹೆಚ್ಚು ಮನೆ ಇದ್ದರೆ ಅದು ಹೋಯಿತು. ಸೈಟು ಮಾರುವ ಮೊದಲು ಇದನ್ನು ಆಡಿಟರ ಹತ್ತಿರ ಕೇಳಿಕೊಳ್ಳಿ, ಆಮೇಲೆ ಕೇಳಿ ಫಲವಿಲ್ಲ. ಆದರೆ ಅದೇ ಇಲಾಖೆ 2019ರ ಬಜೆಟ್ಟಿನಲ್ಲಿ ಒಂದು ಒಳ್ಳೆ ಕೆಲಸ ಮಾಡಿತು. ಸ್ವಂತಕ್ಕೆ ಬಳಸುವ ಎರಡನೇ ಮನೆಗೂ ಕಾಲ್ಪನಿಕ ಬಾಡಿಗೆಯ ಮೇಲಿನ ತೆರಿಗೆ ಬಿಟ್ಟಿತು. ಮಂತ್ರಿಗಳು ಕೊಟ್ಟ ಕಾರಣ: ನೌಕರಿ, ಮಕ್ಕಳ ಓದು, ತಂದೆತಾಯಿಯ ಆರೈಕೆಗಾಗಿ ಸಂಸಾರಗಳು ಎರಡು ಕಡೆ ಇರಬೇಕಾಗಿದೆ. ನಮ್ಮ ಗಡಿಯ ಕಥೆಯನ್ನೇ ಯಾರೋ ದಿಲ್ಲಿಗೆ ಮುಟ್ಟಿಸಿದಂತಿತ್ತು.

ಹಾಗಂತ ಹೆಚ್ಚುವರಿ ತೆರಿಗೆಯೇ ಬೇಡ ಅನ್ನಲಾರೆ. 2011ರ ಜನಗಣತಿಯಲ್ಲಿ ದೇಶದ ಪೇಟೆ ಪಟ್ಟಣಗಳಲ್ಲೇ ಸುಮಾರು 1.1 ಕೋಟಿ ಮನೆ ಖಾಲಿ ಬಿದ್ದಿದ್ದವು. ಬಾಡಿಗೆಗೂ ಕೊಡದೆ, ಬೆಲೆ ಏರಲಿ ಅಂತ ಬೀಗ ಹಾಕಿಟ್ಟವರು ನಾಲ್ಕು ಕಾಸು ಹೆಚ್ಚು ಕೊಡಲಿ, ಆ ಹಣದಲ್ಲಿ ಮೊದಲ ಮನೆಯವನ ಸ್ಟಾಂಪು ಇಳಿಯಲಿ. ಮನೆಯನ್ನು ಎಣಿಸುವುದೇ ಆದರೆ ಪೇಟೆಯ ಮನೆಗಳನ್ನು ಎಣಿಸಲಿ, ಉಳುವವನ ಊರಮನೆಯನ್ನು ಬಿಡಲಿ. ಅದು ಆಸ್ತಿಯಲ್ಲ, ಒಕ್ಕಲುತನದ ಸಾಮಾನು, ನೇಗಿಲಿದ್ದ ಹಾಗೆ. ಅದನ್ನು ಯಾರೂ ಲಾಭಕ್ಕೆ ಕೊಂಡಿಲ್ಲ, ಮಾರಲು ಹೊರಟರೆ ಕೊಳ್ಳುವವರೂ ಇಲ್ಲ.

ಇಂಗ್ಲೆಂಡಿನಿಂದ ಕಲಿಯಬೇಕಾದ್ದು ಇನ್ನೊಂದು. ಹೊಸ ಮನೆಗೆ ಹೋಗಿ, ತಾನಿದ್ದ ಹಳೇ ಮನೆಯನ್ನು ಮೂರು ವರ್ಷದೊಳಗೆ ಮಾರಿದವನಿಗೆ ಹೆಚ್ಚುವರಿ ಕಟ್ಟಿಸಿಕೊಂಡದ್ದನ್ನು ಅಲ್ಲಿ ವಾಪಸು ಕೊಡುತ್ತಾರೆ. ನಮ್ಮ ಸರ್ಕಾರಗಳು ಈ ತೆರಿಗೆ ತರುವುದಾದರೆ ಆ ನಿಯಮವೂ ಜೊತೆಗೇ ಬರಲಿ. ವಾಪಸು ಹಣ ಎಷ್ಟು ದಿನದಲ್ಲಿ ಖಾತೆಗೆ ಬೀಳಬೇಕು, ತಡವಾದರೆ ಬಡ್ಡಿ ಎಷ್ಟು ಅನ್ನುವುದನ್ನು ಕಾನೂನಿನಲ್ಲೇ ಬರೆಯಲಿ. ಕಡ್ಲೆಕಾಯಿ ವಿಮೆ ಹಣಕ್ಕೆ ವರುಷಗಟ್ಟಲೆ ಕಾದವರಿಗೆ ‘ಶೀಘ್ರದಲ್ಲಿ’ ಅನ್ನುವ ಪದದ ಅರ್ಥ ಎರಡು ಭಾಷೆಯಲ್ಲೂ ಗೊತ್ತು.